ಉಗುರಿಗೆ ನೇರಳೆ ಬಣ್ಣ

ಅಕ್ಟೋಬರ್ 27, ಸೋಮವಾರ
ಮದುವೆಯ 71ನೇ ದಿನ

'ಡಿಯರ್ ಡೈರಿ' ಎಂದು ಶುರು ಮಾಡಿ ಹೊಡೆದುಹಾಕಿದೆ. ಕನ್ನಡದಲ್ಲೇ ಬರೆಯಬೇಕೆಂದು ತೀರ್ಮಾನ ಮಾಡಿದ ಮೇಲೆ ಮೊದಲ ಎರಡು ಪದವೇ ಇಂಗ್ಲಿಷ್ ಆದರೆ ಹೇಗೆ?

ಎಲ್‌ಕೆಜಿಯಿಂದ ಬಿಎಸ್ಸಿ ನರ್ಸಿಂಗ್‌ವರೆಗೆ ನನ್ನದು ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್, ಅಂದರೆ ಪರೀಕ್ಷೆಯ ಹಿಂದಿನ ದಿನ ನೆನಪಾಗುವ ಸಬ್ಜೆಕ್ಟ್. ಅದರ ಫಲ ಶುಕ್ರವಾರ ಸೊರಬದ ಒಂದು ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ ಸಿಕ್ಕಿತು. ಒಬ್ಬ ಅಜ್ಜ ತಮ್ಮ ಕಾಯಿಲೆ ಹೇಳುತ್ತಾರೆ, ಅವರ ಮಾತಿನಲ್ಲೇ ಬರೆದುಕೊಡಿ ಎಂದರು. ಅಜ್ಜ ಐದು ನಿಮಿಷ ಹೇಳಿದರು. ನಾನು ಐದು ಪದ ಬರೆದೆ, ಅದರಲ್ಲಿ ಮೂರು ಇಂಗ್ಲಿಷ್. ಫ್ರೆಶರಾ ಎಂದು ಕೇಳಿ, ಕರೆ ಮಾಡುತ್ತೇವೆ ಎಂದರು. ಹಾಗೆಂದರೆ ಮಾಡುವುದಿಲ್ಲ ಎಂದು ಅರ್ಥವಾಗುವಷ್ಟು ಕನ್ನಡ ನನಗೂ ಬರುತ್ತದೆ.

ಹೀಗಾಗಿ ಈ ಡೈರಿ. ದಿನಾ ಬರೆದರೆ ಕೈ ಪಳಗುತ್ತದೆ ಎಂದು ಅಪ್ಪ ಕೊಟ್ಟರು. ಅಪ್ಪ, ಅಂದರೆ ಆನಂದಪ್ಪ, ಸೊರಬದ ಶಾಲೆಯೊಂದರಲ್ಲಿ ಗುಮಾಸ್ತರು. ನನ್ನನ್ನು ಇಂಗ್ಲಿಷ್ ಮೀಡಿಯಂಗೆ ಸೇರಿಸಿದವರೂ ಅವರೇ ಎಂಬುದನ್ನು ನೆನಪಿಸಲಿಲ್ಲ.

ವಿಷಯ ಏನೆಂದರೆ, ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆ ನನಗೆ ಆಗಲೇ ಆಫರ್ ಲೆಟರ್ ಕೊಟ್ಟಿದೆ. ಡಿಸೆಂಬರ್ ಒಂದಕ್ಕೆ ಸೇರಬೇಕು. ಒಂದು ವರ್ಷ ಹಾಸ್ಟೆಲ್ ಕಡ್ಡಾಯ. ಹಾಸ್ಟೆಲ್‌ನಲ್ಲಿ ಗಂಡಂದಿರಿಗೆ ಪ್ರವೇಶ ಇಲ್ಲ. ಅಷ್ಟರೊಳಗೆ ಇಲ್ಲೇ ಶಿಕಾರಿಪುರ, ಸೊರಬದ ಸುತ್ತ ಕೆಲಸ ಸಿಕ್ಕಿದರೆ ನಾನು ಬಳ್ಳಿಗಾವಿ ಪಕ್ಕದ ನಮ್ಮ ಮನೆಯಲ್ಲಿ, ನಮ್ಮ ತೀರ್ಥೇಶ್ ಜೊತೆ. ಸಿಗದಿದ್ದರೆ ನಾನು ಮಂಗಳೂರಿನಲ್ಲಿ, ತೀರ್ಥೇಶ್ ಕರೆಂಟ್ ಕಂಬದ ಮೇಲೆ.

ಅವರು ಲೈನ್‌ಮನ್. ಕಂಬ ಹತ್ತಿ ನಿಂತಾಗ ಅವರ ಹಿಂದೆ ಆಕಾಶ, ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕಟಿಂಗ್ ಪ್ಲೇಯರ್. ಬಣ್ಣಿಸಲು ನನಗೆ ಯಾವ ಭಾಷೆಯಲ್ಲೂ ಪದ ಇಲ್ಲ. ಹನ್ನೊಂದು ಸಾವಿರ ವೋಲ್ಟಿಗೆ ಹೆದರದ ಮನುಷ್ಯ ಸಿರಿಂಜ್ ನೋಡಿದರೆ ಬೆವರುತ್ತಾರೆ. ಅಭ್ಯಾಸಕ್ಕೆ ಒಂದು ಸಲ ಕೈ ಕೊಡಿ ಎಂದೆ. ಕೊಟ್ಟರು. ನಾನು ಸ್ಪಿರಿಟ್ ಒರೆಸುವಷ್ಟರಲ್ಲಿ ಗೋಡೆಗೆ ಒರಗಿ ಕಣ್ಣು ಮೇಲೆ ಮಾಡಿದ್ದರು. ಮುಖಕ್ಕೆ ನೀರು ಹಾಕಿದೆ. ಎಷ್ಟು ಮುದ್ದಾಗಿ ಎಚ್ಚರವಾದರು ಗೊತ್ತಾ.

ಅಕ್ಟೋಬರ್ 30, ಗುರುವಾರ
ಮದುವೆಯ 74ನೇ ದಿನ

ಇವತ್ತು ಶಿಕಾರಿಪುರದ ಗಿರಿಜಾ ನರ್ಸಿಂಗ್ ಹೋಮ್. ಸೀರೆ ಉಟ್ಟುಕೊಂಡು ಹೋಗಿದ್ದೆ (ಮಜಂತಾ, ಬೀಗರೂಟದ್ದು). ಇಂಟರ್‌ವ್ಯೂ ಮಾಡಿದವರು ಅಲ್ಲಿನ ಹಿರಿಯ ನರ್ಸ್ ಶ್ರೀಲತಾ ಸಿಸ್ಟರ್. ಐವತ್ತು ದಾಟಿದ್ದಾರೆ, ತೆಳ್ಳಗಿದ್ದಾರೆ, ನಗುವುದನ್ನು ಯಾವುದೋ ಹಬ್ಬಕ್ಕೆಂದು ಎತ್ತಿಟ್ಟಂತಿದೆ. ಅನುಭವ ಎಷ್ಟು ಎಂದರು. ಇಲ್ಲ ಎಂದೆ. ಅನುಭವ ಇಲ್ಲದೆ ಹೇಗೆ ತೆಗೆದುಕೊಳ್ಳುವುದು ಎಂದರು. ತೆಗೆದುಕೊಳ್ಳದೆ ಅನುಭವ ಹೇಗೆ ಬರುತ್ತದೆ ಎಂದು ಕೇಳಿಯೇ ಬಿಟ್ಟೆ. ನಾಲಿಗೆ ಕಚ್ಚಿಕೊಂಡೆ. ಅವರು ನನ್ನ ಸೀರೆಯನ್ನು ನೋಡಿ, ಹತ್ತನೇ ತಾರೀಕಿನಿಂದ ಬಾ, ಬರುವಾಗ ಮದುವೆಗೆ ಬಂದ ಹಾಗೆ ಬರಬೇಡ ಎಂದರು.

ಕೆಲಸ ಅಲ್ಲ, ಪರೀಕ್ಷೆ. ಇಪ್ಪತ್ತೈದಕ್ಕೆ ಅವರಲ್ಲಿ ಕಣ್ಣಿನ ಕ್ಯಾಂಪ್ ಇದೆ. ಅಲ್ಲಿಯವರೆಗೆ ಇಬ್ಬರನ್ನು ನೋಡುತ್ತಾರೆ, ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬಳು ಮೇಘನಾ. ಆರು ತಿಂಗಳ ಅನುಭವ ಇದೆಯಂತೆ. ನನಗೆ ಎಪ್ಪತ್ತನಾಲ್ಕು ದಿನದ ಅನುಭವ ಇದೆ, ಆದರೆ ಅದು ಬೇರೆ ವಿಷಯದಲ್ಲಿ.

ನವೆಂಬರ್ ಇಪ್ಪತ್ತೈದು! ಆವತ್ತು ನಮ್ಮ ಮದುವೆಯ ನೂರನೇ ದಿನ. ಪ್ಲಾನ್ ಆಗಿಬಿಟ್ಟಿದೆ: ಶಿರಾಳಕೊಪ್ಪದಿಂದ ಕೇಕ್, ಇಬ್ಬರಿಗೂ ಒಂದೇ ಬಣ್ಣದ ಬಟ್ಟೆ, ಬಳ್ಳಿಗಾವಿ ದೇವಸ್ಥಾನದ ಕಲ್ಲುಕಂಬಗಳ ನಡುವೆ ಫೋಟೋ. ಕ್ಯಾಂಪ್ ಮುಗಿಸಿ ಸಂಜೆ ಐದಕ್ಕೆ ಬಂದರೂ ಬೆಳಕು ಇರುತ್ತದೆ. ತೀರ್ಥೇಶ್‌ಗೆ ಹೇಳಿದೆ. ಹೂಂ ಎಂದರು. ಬಟ್ಟೆಯ ಬಣ್ಣ ತಿಳಿ ಗುಲಾಬಿ ಎಂದ ಮೇಲೆ, ಬೇರೆ ಬಣ್ಣ ಇಲ್ಲವಾ ಎಂದರು.

ನವೆಂಬರ್ 4, ಮಂಗಳವಾರ
ಮದುವೆಯ 79ನೇ ದಿನ

ಮೈಯೆಲ್ಲ ಕುರಿ ವಾಸನೆ. ಎರಡು ಸಲ ಸ್ನಾನ ಮಾಡಿದೆ, ಲ್ಯಾವೆಂಡರ್ ಹಾಕಿದೆ. ಈಗ ಲ್ಯಾವೆಂಡರ್ ಹಾಕಿದ ಕುರಿಯ ವಾಸನೆ.

ಕುರಿಗಳಿಗೆ ಲಸಿಕೆ ಹಾಕಲು ಪಶು ಆಸ್ಪತ್ರೆಯವರು ಬಂದಿದ್ದರು. ನಮ್ಮ ಮನೆಯಲ್ಲಿ ಎಂಬತ್ತಮೂರು ಕುರಿಗಳಿವೆ. ಹೆಸರಿಗೆ ಮಾವ ದೊಡ್ಡಬೀರಪ್ಪನವರದು, ನಿಜವಾಗಿ ಅತ್ತೆ ಹನುಮಮ್ಮನವರದು. ಓದಿದ ನರ್ಸು ಮನೆಯಲ್ಲೇ ಇರುವಾಗ ಕುರಿ ಹಿಡಿಯಲು ಬೇರೆಯವರು ಯಾಕೆ ಎಂದರು ಅತ್ತೆ. ಹೋದೆ. ಮೂರನೇ ಕುರಿಯನ್ನು ಎಳೆದು ತಂದಾಗ ಡಾಕ್ಟರು ಇದಕ್ಕೆ ಆಯಿತಲ್ಲ ಎಂದರು. ಐದನೆಯದಕ್ಕೂ ಅದನ್ನೇ ಹೇಳಿದರು. ಎಲ್ಲ ಕುರಿಗೂ ಒಂದೇ ಮುಖ, ನಾನೇನು ಮಾಡಲಿ? ಅದಕ್ಕೇ ಅವರಲ್ಲಿ ಒಂದು ಉಪಾಯ ಇದೆ. ಚುಚ್ಚಿದ ಕೂಡಲೇ ಬೆನ್ನಿಗೆ ಕೆಂಪು ಬಣ್ಣದ ಒಂದು ಮುದ್ರೆ. ಬಣ್ಣ ಇದ್ದದ್ದು ಆಯಿತು, ಇಲ್ಲದ್ದು ಬಾಕಿ. ಎಂಥ ಸಿಂಪಲ್ ಸಿಸ್ಟಮ್. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಲಿಲ್ಲ.

ಒಂದು ಕುರಿ ಮಾತ್ರ ಸುಮ್ಮನೆ ನಿಂತು ಆಕಾಶ ನೋಡುತ್ತಿತ್ತು, ಮುಟ್ಟಿದರೆ ಊರೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ಇದರ ಹೆಸರೇನು ಎಂದು ಅತ್ತೆಯನ್ನು ಕೇಳಿದೆ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ ಎಂದು ಬೇರೆ ಕಡೆ ನೋಡಿದರು. ತೀರ್ಥೇಶ್ ಕೆಮ್ಮಿದರು.

ನವೆಂಬರ್ 10, ಸೋಮವಾರ
ಮದುವೆಯ 85ನೇ ದಿನ

ಫಸ್ಟ್ ಡೇ! ಬಿಳಿ ಯೂನಿಫಾರ್ಮ್‌ನಲ್ಲಿ ಹದಿನಾಲ್ಕು ಸೆಲ್ಫಿ. ತೀರ್ಥೇಶ್ ಬಸ್ ಸ್ಟಾಪಿಗೆ ಬೈಕಿನಲ್ಲಿ ಬಿಟ್ಟರು, ಬಸ್ ಹೊರಟ ಮೇಲೂ ಶಿರಾಳಕೊಪ್ಪದವರೆಗೆ ಹಿಂದೆಯೇ ಬಂದರು. ಕಂಡಕ್ಟರ್ ನನ್ನನ್ನು, ಅಮ್ಮಾ ಅವರೂ ಹತ್ತಬಹುದಿತ್ತಲ್ಲ ಎಂದು ಕೇಳಿದ.

ಮೇಘನಾ ಒಂದೇ ಚುಚ್ಚಿಗೆ ನರ ಹಿಡಿಯುತ್ತಾಳೆ. ನಾನು ಬೆಡ್ ಮೂರಕ್ಕೆ ಬಿಪಿ ನೋಡಿದೆ, ಬೆಡ್ ಐದಕ್ಕೆ ಡ್ರಿಪ್ ಬದಲಿಸಿದೆ, ಬೆಡ್ ಏಳು ಊಟ ಬೇಡವೆಂದು ಹಟ ಮಾಡಿತು. ಸಂಜೆ ವರದಿಯನ್ನು ಕನ್ನಡದಲ್ಲೇ ಬರೆಯಬೇಕು, ರಾತ್ರಿ ಪಾಳಿಯ ಆಯಾಗಳೂ ಓದಬೇಕಲ್ಲ ಎಂದರು ಶ್ರೀಲತಾ ಸಿಸ್ಟರ್. ಬರೆದೆ. ಓದಿದರು. ಬೆಡ್ ಏಳು ಹಟ ಮಾಡಿತು ಎಂದರೆ ಮಂಚ ಹಟ ಮಾಡಿತಾ ಎಂದು ಕೇಳಿದರು.

ನವೆಂಬರ್ 14, ಶುಕ್ರವಾರ
ಮದುವೆಯ 89ನೇ ದಿನ

ಮುಗಿಯಿತು. ನನ್ನ ಕರಿಯರ್ ಐದು ದಿನದ್ದು.

ಸಂಜೆ ಒಂಬತ್ತು ಜನರಿಗೆ ಇಂಜೆಕ್ಷನ್ ಕೊಡಬೇಕಿತ್ತು. ಆದರೆ ನಮ್ಮ ರೋಗಿಗಳು ಬೆಡ್‌ನಲ್ಲಿ ಇದ್ದರೆ ತಾನೆ? ಒಬ್ಬರು ಕಾರಿಡಾರಿನಲ್ಲಿ ವಾಕಿಂಗ್, ಇಬ್ಬರು ಒಂದೇ ಮಂಚದ ಮೇಲೆ ಕೂತು ಮೆಕ್ಕೆಜೋಳದ ಮಾತು, ಮತ್ತೊಬ್ಬರು ಪಕ್ಕದ ವಾರ್ಡಿನ ಬೀಗರನ್ನು ವಿಚಾರಿಸಲು ಹೋಗಿದ್ದರು. ಕೊಟ್ಟವರಿಗೇ ಮತ್ತೆ ಕೊಟ್ಟುಬಿಟ್ಟರೆ ಎಂದು ಭಯವಾಯಿತು. ಆಗ ಹೊಳೆಯಿತು. ಡ್ರೆಸ್ಸಿಂಗ್ ಟ್ರೇಯಲ್ಲಿ ಗಾಯಕ್ಕೆ ಹಚ್ಚುವ ನೇರಳೆ ಔಷಧಿ ಇತ್ತು. ಇಂಜೆಕ್ಷನ್ ಆದ ಕೂಡಲೇ ಎಡಗೈ ಹೆಬ್ಬೆರಳ ಉಗುರಿಗೆ ಒಂದೊಂದು ಬೊಟ್ಟು. ಒಂಬತ್ತು ಇಂಜೆಕ್ಷನ್, ಒಂಬತ್ತು ಬೊಟ್ಟು, ಒಂದೂ ತಪ್ಪಿಲ್ಲ. ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಆ ಔಷಧಿ ಹರಿಯುತ್ತದೆ, ಸೋಪಿಗೂ ಹೋಗುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿದ್ದರು. ಆಗ ಗಮನ ಕೊಟ್ಟಿರಲಿಲ್ಲ.

ಕಿಟಕಿ ಪಕ್ಕದವರು ಮಹೇಶ್ವರಪ್ಪ ಮೇಷ್ಟ್ರು, ನಿವೃತ್ತ ಹೆಡ್‌ಮಾಸ್ಟರ್. ಇಂಜೆಕ್ಷನ್ ಆದ ಮೇಲೆ ನಿದ್ದೆ ಹೋಗಿದ್ದರು. ಎದ್ದು ನೋಡಿದರೆ ಹೆಬ್ಬೆರಳು ಪೂರ್ತಿ ನೇರಳೆ. ಅವರಿಗೂ ಅವರ ತಮ್ಮನಿಗೂ ಜಮೀನಿನ ವ್ಯಾಜ್ಯ ಇದೆಯಂತೆ. ತಮ್ಮ ಮಧ್ಯಾಹ್ನವಷ್ಟೇ ಬಂದು ಯೋಗಕ್ಷೇಮ ವಿಚಾರಿಸಿ ಹೋಗಿದ್ದ. ಮೇಷ್ಟ್ರು ಮಂಚದಿಂದ ಇಳಿದು, ಡ್ರಿಪ್ ಸ್ಟ್ಯಾಂಡನ್ನು ದಂಡದ ಹಾಗೆ ಹಿಡಿದು, ನೇರ ಕೌಂಟರಿಗೆ ಬಂದರು.

"ನಲವತ್ತು ವರ್ಷ ಮಕ್ಕಳಿಗೆ ಸಹಿ ಮಾಡೋದು ಕಲಿಸಿದೋನು ನಾನು. ಮಲಗಿದ್ದಾಗ ನನ್ನ ಹೆಬ್ಬೆಟ್ಟು ಯಾವ ಕಾಗದಕ್ಕೆ ಒತ್ತಿಸ್ಕೊಂಡ್ರಿ, ಅದನ್ನ ಹೇಳ್ರಿ ಮೊದ್ಲು."

ಅಷ್ಟರಲ್ಲಿ ಉಳಿದ ಎಂಟು ಜನರೂ ತಂತಮ್ಮ ಹೆಬ್ಬೆರಳು ನೋಡಿಕೊಂಡಿದ್ದರು. ಒಬ್ಬಜ್ಜಿಗೆ ಚುನಾವಣೆ ನೆನಪಾಗಿ, ತಾನು ಯಾರಿಗೆ ವೋಟು ಹಾಕಿದೆ ಎಂದು ಮಗನನ್ನು ಕೇಳುತ್ತಿದ್ದರು. ಮೇಷ್ಟ್ರ ಮಗ ವಕೀಲರಿಗೆ ಫೋನ್ ಮಾಡಿದರು. ನಾನು ನಿಜ ಹೇಳಿಬಿಟ್ಟೆ. ಕುರಿಗೆ ಲಸಿಕೆ ಹಾಕುವಾಗ ಹೀಗೇ ಮಾಡುತ್ತಾರೆ, ಅಲ್ಲಿ ಕಲಿತೆ ಎಂದೆ. ನಿಜ ಹೇಳಿದ್ದೇ ತಪ್ಪಾಯಿತು.

ಶ್ರೀಲತಾ ಸಿಸ್ಟರ್ ದನಿ ಎತ್ತಲೇ ಇಲ್ಲ. "ಸುಷ್ಮಿತಾ, ಇದು ಆಸ್ಪತ್ರೆ. ಕುರಿಮಂದೆ ಅಲ್ಲ. ಇನ್ನೊಂದು ತಪ್ಪು ಆದ್ರೆ ಇಪ್ಪತ್ತೈದರ ತನಕ ಕಾಯೋದು ಬೇಡ."

ಒಂಬತ್ತು ಹೆಬ್ಬೆರಳನ್ನೂ ಸ್ಪಿರಿಟ್ ಹಾಕಿ ತಿಕ್ಕಿದೆ. ಬಣ್ಣ ಹೋಗಲಿಲ್ಲ, ನನ್ನ ಕೈಗೂ ಬಂತು.

ನವೆಂಬರ್ 15, ಶನಿವಾರ

ಬರೆಯಲು ಮನಸ್ಸಿಲ್ಲ. ಮಂಗಳೂರಿನ ಹಾಸ್ಟೆಲ್‌ನ ಫೋಟೋ ನೋಡಿದೆ. ಕಿಟಕಿ ಚೆನ್ನಾಗಿದೆ.

ನವೆಂಬರ್ 16, ಭಾನುವಾರ
ಮದುವೆಯ 91ನೇ ದಿನ

ಅತ್ತೆಗೆ ಯಾರೂ ಹೇಳಬಾರದು ಎಂದಿದ್ದೆ. ತೀರ್ಥೇಶ್ ಹೇಳಿದ್ದಾರೆ. ಅತ್ತೆ ಒಲೆಯ ಮುಂದೆ ಕೂತು ನಕ್ಕರು. ನಿಲ್ಲಿಸಿದರು, ನನ್ನ ನೇರಳೆ ಬೆರಳು ನೋಡಿದರು, ಮತ್ತೆ ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಮೇಷ್ಟ್ರಿಗೆ ಎರಡನೇ ಸಲ ಚುಚ್ಚಲಿಲ್ಲ ತಾನೆ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಪರವಾಗಿಲ್ಲ ಎಂದರು. ಎರಡು ದಿನದಲ್ಲಿ ಈ ಮಾತು ಹೇಳಿದವರು ಅವರೊಬ್ಬರೇ.

ಸಂಜೆ ನನ್ನನ್ನು ಕುರಿರೊಪ್ಪದ ಬಾಗಿಲಿಗೆ ಕರೆದುಕೊಂಡು ಹೋಗಿ ಕೂರಿಸಿಕೊಂಡರು. ಮೇಯಲು ಹೋದ ಮಂದೆ ವಾಪಸ್ ಬರುವ ಹೊತ್ತು. ಅತ್ತೆ ಎಣಿಸುವುದಿಲ್ಲ. ಸುಮ್ಮನೆ ನೋಡುತ್ತಾರೆ. ಎಲ್ಲ ಒಳಗೆ ಹೋದ ಮೇಲೆ, ಚುಕ್ಕಿ ಹಿಂದೆ ಉಳಿದಾಳೆ ಎಂದರು. ಮಾವ ಹೋಗಿ ನೋಡಿದರೆ ಚುಕ್ಕಿ ಬೇಲಿಯ ಹತ್ತಿರ ನಿಂತಿತ್ತು. ನಾನು ಬೆಪ್ಪಾದೆ. ಎಂಬತ್ತಮೂರರಲ್ಲಿ ಒಂದು!

ಬೆನ್ನಿನ ಬಣ್ಣ ನೋಡಿ ಗುರುತು ಹಿಡಿಯುತ್ತೀರಾ ಎಂದೆ.

"ಬಣ್ಣ ಡಾಕ್ಟ್ರಿಗವ್ವ. ಅವ್ರು ಮಧ್ಯಾಹ್ನ ಬಂದು ಸಂಜಿಗೆ ಹೋಗೋರು. ದಿನಾ ನೋಡೋರಿಗೆ ಯಾಕ ಬೇಕು ಬಣ್ಣ?"

ಮುಖ ಎಲ್ಲ ಒಂದೇ ಥರ ಇದೆಯಲ್ಲ ಎಂದೆ. "ಮಕ ನೋಡಬ್ಯಾಡ, ನಡಿಗಿ ನೋಡು. ಯಾವ್ದೂ ಇನ್ನೊಂದರಂಗ ನಡಿಯಂಗಿಲ್ಲ" ಎಂದರು. ಒಂದು ಕುರಿ ಮುಂಗಾಲು ಎತ್ತಿ ಎತ್ತಿ ಇಡುತ್ತದೆ, ಅದು ಗೌಡಶಾನಿ. ಒಂದು ಪಕ್ಕದ್ದಕ್ಕೆ ಭುಜ ತಾಗಿಸಿಕೊಂಡೇ ಬರುತ್ತದೆ, ಅದಕ್ಕೆ ಎಡಗಣ್ಣು ಮಂಜು. ಒಂದು ನಾಲ್ಕು ಹೆಜ್ಜೆಗೊಮ್ಮೆ ನಿಂತು ಆಕಾಶ ನೋಡಿ ಕೂಗುತ್ತದೆ, ಅದು ಆ ಹೆಸರಿಲ್ಲದ್ದು. ಮಾವ ಮರೆತು ಅದನ್ನು ಹೆಸರು ಹಿಡಿದು ಕರೆದರು. 'ಸುಸ್ಮೀ, ನಡಿ ನಡಿ.'

ಎಲ್ಲರೂ ನನ್ನ ಮುಖ ನೋಡಿದರು. ಮದುವೆಯ ವಾರವೇ ಕೊಂಡು ತಂದದ್ದಂತೆ, ಅದಕ್ಕೇ ನನ್ನ ಹೆಸರಂತೆ. ನಾನು ತೀರ್ಥೇಶ್ ಜೊತೆ ಮಾತು ಬಿಟ್ಟೆ. ಹದಿನೈದು ನಿಮಿಷ.

ನವೆಂಬರ್ 19, ಬುಧವಾರ
ಮದುವೆಯ 93 ಅಥವಾ 94ನೇ ದಿನ

ಬೆಳಿಗ್ಗೆ ರೊಪ್ಪದ ಬಾಗಿಲಲ್ಲಿ ಕೂತು ಇಪ್ಪತ್ತಾರು ಕುರಿಗಳನ್ನು ನಡಿಗೆಯಿಂದಲೇ ಗುರುತು ಹಿಡಿದು ಹೇಳಿದೆ. ಅತ್ತೆ ಮೂರು ತಪ್ಪು ತೋರಿಸಿದರು. ಅದೇ ಗುಂಗಿನಲ್ಲಿ ಬಸ್ ಹತ್ತಿದೆ. ಸೆಲ್ಫಿ ತೆಗೆಯಲು ಮರೆತೆ.

ಕಾರಿಡಾರಿನ ಸದ್ದು ಕೇಳಿದರೆ ಈಗ ಬರುತ್ತಿರುವವರು ಯಾರು ಎಂದು ಗೊತ್ತಾಗುತ್ತದೆ. ಇದು ಆಟದ ಹಾಗಿದೆ, ಬಿಡಲು ಮನಸ್ಸಾಗುವುದಿಲ್ಲ. ಗುಡ್ಡಪ್ಪನವರು ಚಪ್ಪಲಿ ಎಳೆಯುತ್ತಾರೆ. ಇವತ್ತು ಸ್ವಲ್ಪ ಹೆಚ್ಚೇ ಎಳೆಯುತ್ತಿದ್ದರು. ಕೇಳಿದೆ. ಏನಿಲ್ಲ ಎಂದರು. ಕಾಲು ತೋರಿಸಿ ಎಂದೆ. ಹಿಮ್ಮಡಿಯಲ್ಲಿ ಗಾಯ. ಸಕ್ಕರೆ ಕಾಯಿಲೆಯವರು, ನೋವೇ ಗೊತ್ತಾಗಿಲ್ಲ. ಶ್ರೀಲತಾ ಸಿಸ್ಟರ್ ಬಂದು ನೋಡಿ, ಯಾರು ಮೊದಲು ನೋಡಿದ್ದು ಎಂದು ಕೇಳಿದರು. ನಾನು ಎಂದೆ. ಅವರು ಡ್ರೆಸ್ಸಿಂಗ್ ಟ್ರೇ ನನ್ನ ಕೈಗೆ ಕೊಟ್ಟರು. ನೇರಳೆ ಬಾಟಲಿ ಮಾತ್ರ ತಮ್ಮ ಬಳಿ ಇಟ್ಟುಕೊಂಡರು.

ಮಹೇಶ್ವರಪ್ಪ ಮೇಷ್ಟ್ರು ಇನ್ನೂ ಇದ್ದಾರೆ. ಹೆಬ್ಬೆರಳು ಈಗ ತಿಳಿ ನೇರಳೆಗೆ ಬಂದಿದೆ. ನನ್ನ ವರದಿಯ ಪುಸ್ತಕ ತರಿಸಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದಿದರು. ಹತ್ತಕ್ಕೆ ನಾಲ್ಕು ಅಂಕ. ನಾಳೆ ಆರು ಬರಬೇಕು ಎಂದರು.

ನವೆಂಬರ್ 24, ಸೋಮವಾರ

ನಾಳೆ ಕ್ಯಾಂಪ್. ಶಿವಮೊಗ್ಗದಿಂದ ಕಣ್ಣಿನ ಡಾಕ್ಟರ್ ಸಿದ್ಧಲಿಂಗೇಶ್ ಬರುತ್ತಾರೆ. ಇಪ್ಪತ್ತೊಂದು ಜನರಿಗೆ ಪೊರೆ ತೆಗೆದು ಲೆನ್ಸ್ ಕೂರಿಸುವುದು. ಎಲ್ಲರೂ ಇವತ್ತೇ ಬಂದು ಸೇರಿದ್ದಾರೆ. ಎಲ್ಲರಿಗೂ ಒಂದೇ ಹಸಿರು ಗೌನು, ಒಂದೇ ಹಸಿರು ಟೋಪಿ. ಟೋಪಿ ಹಾಕಿದ ಮೇಲೆ ಅಜ್ಜ ಯಾರು ಅಜ್ಜಿ ಯಾರು ಎಂದು ಆಯಾಗಳೇ ತಡವರಿಸುತ್ತಾರೆ. ಮಂಚದ ಕಾಲಿಗೆ ಅವರವರ ಕೇಸ್ ಶೀಟ್ ಕಟ್ಟಿದ್ದೇವೆ: ಹೆಸರು, ಯಾವ ಕಣ್ಣು, ಯಾವ ನಂಬರಿನ ಲೆನ್ಸ್. ಲೆನ್ಸ್ ಒಬ್ಬೊಬ್ಬರ ಕಣ್ಣಿಗೆ ಅಳತೆ ಮಾಡಿ ತಂದದ್ದು, ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ.

ಕ್ಯಾಸನೂರು ಕಡೆಯ ಲೋಕಮ್ಮ ಬಂದ ಕೂಡಲೇ ಇಡೀ ವಾರ್ಡಿಗೆ ಎಲೆ ಅಡಿಕೆ ಹಂಚಿದರು. ಅಂಗಾಲು ಪಟಪಟ ಬಡಿಯುತ್ತಾ ನಡೆಯುತ್ತಾರೆ, ನಡೆಯುವಷ್ಟೂ ಹೊತ್ತು ಮಾತು. ಅವರಿಗೆ ಎಡಗಣ್ಣು. ಬಂದಳಿಕೆಯ ತಿಮ್ಮಮ್ಮ ತದ್ವಿರುದ್ಧ. ಬಲಗಣ್ಣು. ಬಲಗಿವಿ ಕೇಳುವುದಿಲ್ಲ, ಎಡಗಿವಿಗೆ ದಪ್ಪ ದನಿಯಲ್ಲಿ ಹೇಳಬೇಕು. ಯಾವಾಗಲೋ ಮುಳ್ಳು ಹೊಕ್ಕಿದ್ದಕ್ಕೆ ಬಲ ಹಿಮ್ಮಡಿ ಊರುವುದಿಲ್ಲ, ಬಿಸಿ ನೆಲ ಮುಟ್ಟಿ ನೋಡುವ ಹಾಗೆ ಹೆಜ್ಜೆ ಇಡುತ್ತಾರೆ. ಅವರ ಬಿಪಿ ಏರಿತ್ತು. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಕುರಿ ಹೆದರಿದಾಗ ಅತ್ತೆ ಅದರ ಕಣ್ಣಿನ ಮೇಲೆ ಅಂಗೈ ಇಟ್ಟು ಏನಾದರೂ ಹೇಳುತ್ತಿರುತ್ತಾರೆ, ಏನಾದರೂ ಸರಿ. ನಾನೂ ನಮ್ಮ ಚುಕ್ಕಿಯ ಕಥೆ ಹೇಳಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಬಿಪಿ ಇಳಿದಿತ್ತು. ಬಸ್ ಒಂದು ತಪ್ಪಿತು.

ನವೆಂಬರ್ 25, ಮಂಗಳವಾರ

ಮೊದಲ ಬಸ್ಸಿಗೇ ಹೋದೆ. ನಾನು ಹೋಗುವಷ್ಟರಲ್ಲಿ ಮೇಘನಾ ಕೇಸ್ ಶೀಟ್ ನೋಡಿಕೊಂಡು ಎಲ್ಲರ ಹಣೆಗೆ ಕಣ್ಣಿನ ಮೇಲೆ ಪ್ಲಾಸ್ಟರ್ ಅಂಟಿಸಿ, ನಂಬರು ಬರೆದು ಮುಗಿಸಿದ್ದಳು. ಹೇಳಿದ ಕೆಲಸ, ಅಚ್ಚುಕಟ್ಟಾಗಿ ಮಾಡಿದ್ದಳು. ನನಗೆ ಕಣ್ಣಿಗೆ ಹನಿ ಹಾಕುವ ಕೆಲಸ. ಆಪರೇಷನ್ ಥಿಯೇಟರಿನ ಬಾಗಿಲ ಬಳಿಯ ಬೆಂಚಿಗೆ ಒಬ್ಬೊಬ್ಬರನ್ನಾಗಿ ಆಯಾ ಕರೆತಂದು ಕೂರಿಸುತ್ತಿದ್ದಳು.

ಮೂರು ಜನ ಒಳಗೆ ಹೋಗಿ ಬಂದರು. ನಾಲ್ಕನೆಯವರು ಲೋಕಮ್ಮ, ಎಡಗಣ್ಣು ಎಂದು ಮೇಘನಾ ಓದಿದಳು. ನಾನು ಟ್ರೇಯಲ್ಲಿ ಬಾಟಲಿ ಜೋಡಿಸುತ್ತಿದ್ದೆ, ತಲೆ ಎತ್ತಲಿಲ್ಲ. ಆದರೆ ಕಾರಿಡಾರಿನಲ್ಲಿ ಪಟಪಟ ಸದ್ದಿಲ್ಲ. ಮಾತೂ ಇಲ್ಲ. ತಿರುಗಿ ನೋಡಿದೆ. ಹಸಿರು ಗೌನು, ಹಸಿರು ಟೋಪಿ, ಎಡಗಣ್ಣಿನ ಮೇಲೆ ಪ್ಲಾಸ್ಟರ್, ಬಲ ಹಿಮ್ಮಡಿ ನೆಲ ಮುಟ್ಟುತ್ತಿಲ್ಲ.

ನಾನು ಹೇಳಿದ್ದು ತಪ್ಪಾದರೆ ಡಾಕ್ಟರ್ ಮುಂದೆ, ಎಲ್ಲರ ಮುಂದೆ, ಅದೇ ಆ ಇನ್ನೊಂದು ತಪ್ಪು. ಸರಿಯಾಗಿದ್ದೂ ಹೇಳದಿದ್ದರೆ ತಪ್ಪು ಕಣ್ಣಿಗೆ ತಪ್ಪು ಲೆನ್ಸ್. ಅವರು ಆಗಲೇ ಬಾಗಿಲ ಹತ್ತಿರ ಹೋಗಿದ್ದರು. ಟ್ರೇ ಕೆಳಗಿಟ್ಟು ಓಡಿದೆ.

"ಸಿಸ್ಟರ್, ನಿಲ್ಸಿ. ಇವರು ಲೋಕಮ್ಮ ಅಲ್ಲ."

ಮೇಘನಾ ಶೀಟ್ ತೋರಿಸಿದಳು. ಶ್ರೀಲತಾ ಸಿಸ್ಟರ್ ಅಜ್ಜಿಯ ಕಡೆ ಬಾಗಿ, ನೀವು ಲೋಕಮ್ಮ ಅಲ್ಲವಾ ಎಂದು ಕೇಳಿದರು. ಅಜ್ಜಿ ಹೂಂ ಎಂದರು. ಡಾಕ್ಟರ್ ಗ್ಲೌಸ್ ಹಾಕಿದ ಕೈ ಎತ್ತಿಕೊಂಡು ಒಳಗಿನಿಂದ ನನ್ನನ್ನೇ ನೋಡುತ್ತಿದ್ದರು. ನೆಲ ಬಿರಿಯಲಿ ಎನಿಸಿತು. ಆದರೆ ಸಿಸ್ಟರ್ ಕೇಳಿದ್ದು ಬಲಗಿವಿಯ ಕಡೆಯಿಂದ. ನಾನು ಈ ಕಡೆ ಬಂದು ಎಡಗಿವಿಗೆ ಬಾಯಿಟ್ಟು, ಹೆಸರು ಹೇಳದೆ, ಅಜ್ಜಿ ನಿಮ್ಮ ಊರು ಯಾವುದು ಎಂದು ಕೇಳಿದೆ.

"ಬಂದಳಿಕಿ."

ಹೆಸರು?

"ತಿಮ್ಮವ್ವ. ನಿನ್ನಿ ಹೇಳಿದ್ನಲ್ಲವ್ವ ನಿನಗ."

ಮತ್ತೆ ಅವರು ಕೇಳಿದ್ದಕ್ಕೆ ಹೂಂ ಅಂದಿರಲ್ಲ ಎಂದೆ. "ದೊಡ್ಡೋರು ಏನೋ ಕೇಳಿದ್ರು. ಅಲ್ಲ ಅನ್ನಾಕ ಬರತತೇನು?"

ಡಾಕ್ಟರ್ ಗ್ಲೌಸ್ ಬಿಚ್ಚಿ ಡಬ್ಬಿಗೆ ಹಾಕಿದರು. ಲೆನ್ಸಿನ ಪೊಟ್ಟಣವನ್ನು ಮೇಜಿನಿಂದ ತೆಗೆಸಿ, ಎಲ್ಲ ನಿಲ್ಲಿಸಿ, ಮೊದಲಿನಿಂದ ಹೆಸರು ಕೇಳಿ ಎಂದರು. ಒಳಗೆ ಹೋಗಿ ಬಂದಿದ್ದ ಮೂವರನ್ನು ಮೊದಲು ಕೇಳಿದೆವು. ದೇವರು ದೊಡ್ಡವನು, ಅವರು ಸರಿಯಾಗಿದ್ದರು. ಉಳಿದವರಲ್ಲಿ ಇನ್ನೂ ಎರಡು ಜೋಡಿ ಅದಲುಬದಲು.

ಹೇಗಾಯಿತು ಎಂದರೆ ಹೇಳಲು ಲೋಕಮ್ಮ ತಯಾರಾಗಿ ನಿಂತಿದ್ದರು. ತಿಮ್ಮಮ್ಮನಿದ್ದ ಗೋಡೆಯ ಸಾಲಿನ ಮಂಚಗಳಲ್ಲಿ ತಲೆದಿಂಬು ಉತ್ತರಕ್ಕಿದೆ. ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕಿ ಯಾರಾದರೂ ಮಲಗುತ್ತಾರಾ? ಅದೂ ಆಪರೇಷನ್ನಿನ ಹಿಂದಿನ ರಾತ್ರಿ?

"ಈ ತಿಮ್ಮಮ್ಮ ಕೂತ್ಕಂಡೇ ಇತ್ತು ಮಾರಾಯ್ತಿ, ಮಲಗ್ತಾನೇ ಇರ್ಲಿಲ್ಲ. ನಂಗೆ ಯಾವ ದಿಕ್ಕಾದ್ರೆ ಎಂತ, ನೀ ಈ ಬದಿಗೆ ಬಾ ಅಂದೆ. ನಮ್ಮನ್ನ ನೋಡಿ ಆಚೆಯವ್ರೂ ಬದ್ಲಾದ್ರು."

ಮನುಷ್ಯರು ಬದಲಾದರು, ಮಂಚಕ್ಕೆ ಕಟ್ಟಿದ ಕಾಗದ ಅಲ್ಲೇ ಉಳಿಯಿತು. ಶ್ರೀಲತಾ ಸಿಸ್ಟರ್ ಇಪ್ಪತ್ತೆಂಟು ವರ್ಷದಿಂದ ಇದೇ ಊರಿನಲ್ಲಿದ್ದಾರೆ. ಆ ಸಾಲನ್ನು ನೋಡಿ ತಮ್ಮ ಹಣೆ ತಾವೇ ಬಡಿದುಕೊಂಡರು. ನಾವೆಲ್ಲ ಸೇರಿ ಏಳು ಮಂಚ ತಿರುಗಿಸಿದೆವು.

ಇಪ್ಪತ್ತೊಂದೂ ಮುಗಿಯುವಾಗ ಸಂಜೆ ಆರೂವರೆ. ತಿಮ್ಮಮ್ಮನಿಗೆ ಬಲಗಣ್ಣೇ ಆಯಿತು. ಅಷ್ಟೂ ಹೊತ್ತು ನಾನು ತಲೆಯ ಹತ್ತಿರ ನಿಂತು ಚುಕ್ಕಿಯ ಕಥೆಯ ಉಳಿದ ಭಾಗ ಹೇಳುತ್ತಿರಬೇಕಾಯಿತು, ನಿಲ್ಲಿಸಿದರೆ ಅಲುಗಾಡುತ್ತಾರೆ ಎಂದು ಡಾಕ್ಟರೇ ಹೇಳಿದರು. ಚುಕ್ಕಿ ಸಿಕ್ಕಿದ ಮೇಲೆ ಕಥೆ ಮುಗಿದಿತ್ತು, ಅದನ್ನು ಇನ್ನೆರಡು ಸಲ ಕಾಣೆ ಮಾಡಬೇಕಾಯಿತು.

ಹೊರಡುವಾಗ ಶ್ರೀಲತಾ ಸಿಸ್ಟರ್ ಒಳಗೆ ಕರೆದರು. ಹೇಗೆ ಗೊತ್ತಾಯಿತು ಎಂದು ಕೇಳಿದರು. ನಡಿಗೆ ನೋಡಿ ಎಂದೆ. ಎಲ್ಲಿ ಕಲಿತೆ ಎಂದರು. ಈ ಸಲ 'ಅತ್ತೆ ಹತ್ತಿರ' ಎಂದಷ್ಟೇ ಹೇಳಿದೆ, ಕುರಿ ಎನ್ನಲಿಲ್ಲ. ಆದರೂ ಅವರಿಗೆ ಗೊತ್ತಾಯಿತು. ನಿಮ್ಮತ್ತೆ ಎಲ್ಲಾದರೂ ಕೆಲಸ ಹುಡುಕುತ್ತಿದ್ದಾರಾ ಎಂದು ಕೇಳಿದರು. ಎತ್ತಿಟ್ಟಿದ್ದ ನಗು ಇವತ್ತು ಹೊರಗೆ ಬಂತು, ಚಿಕ್ಕದು. ಒಂದನೇ ತಾರೀಕಿನಿಂದ ಕಾಯಂ. ನಾಳೆ ಬೆಳಿಗ್ಗೆ ಆರಕ್ಕೇ ಬಾ, ಪಟ್ಟಿ ಬಿಚ್ಚುವಾಗ ನೀನು ಇರಬೇಕು ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಮೇಘನಾ ಸಿಕ್ಕಿದಳು. ಅವಳ ಕಣ್ಣು ಕೆಂಪಗಿತ್ತು. ಬೆಳಿಗ್ಗೆ ನಾನು ಮೊದಲು ಬಂದಿದ್ದರೆ ಪ್ಲಾಸ್ಟರ್ ಅಂಟಿಸುತ್ತಿದ್ದವಳು ನಾನೇ ಎಂದೆ. ಅದು ನಿಜವೂ ಹೌದು. ಮಂಗಳೂರಿನ ಆಸ್ಪತ್ರೆಯ ನಂಬರ್ ಕೊಟ್ಟೆ, ಅಲ್ಲಿ ಅವಳಂಥವರು ಬೇಕು. ಅಲ್ಲಿ ಕಿಟಕಿ ಚೆನ್ನಾಗಿದೆ ಎಂದೂ ಹೇಳಿದೆ.

ಮನೆಗೆ ಬಂದರೆ ಹಜಾರದಲ್ಲಿ ತೀರ್ಥೇಶ್ ತಿಳಿ ಗುಲಾಬಿ ಬಣ್ಣದ ಅಂಗಿ ಹಾಕಿಕೊಂಡು ಕೂತಿದ್ದರು. ಮುಂದೆ ಮೇಜಿನ ಮೇಲೆ ಕೇಕ್. ಯಾರ ಹುಟ್ಟುಹಬ್ಬ ಎಂದು ಕೇಳಿದೆ. ಅವರು ಅಂಗಿಯ ಕಾಲರ್ ಎಳೆದು ತೋರಿಸಿದರು. ಅತ್ತೆ ಒಳಗಿನಿಂದ, 'ಅಯ್ಯೋ, ಮರತಾಳ ನೋಡು' ಎಂದರು.

ನವೆಂಬರ್ 26, ಬುಧವಾರ

ಆರಕ್ಕೆ ಹಾಜರ್. ತೀರ್ಥೇಶ್ ಬೈಕಿನಲ್ಲೇ ಶಿಕಾರಿಪುರದವರೆಗೆ ಬಿಟ್ಟರು. ಇನ್ನು ಮಂಗಳೂರಿಲ್ಲ, ಒಟ್ಟಿಗೇ ಇರುತ್ತೇವೆ ಎಂದು ದಾರಿಯುದ್ದಕ್ಕೂ ಹೇಳಿದರು. ನಾನು ಹೌದು ಹೌದು ಎನ್ನುತ್ತಾ, ತಿಮ್ಮಮ್ಮ ರಾತ್ರಿ ಕಣ್ಣು ಉಜ್ಜಿಕೊಂಡಿರದಿದ್ದರೆ ಸಾಕು ಎಂದುಕೊಳ್ಳುತ್ತಿದ್ದೆ.

ಉಜ್ಜಿಕೊಂಡಿರಲಿಲ್ಲ. ಇಪ್ಪತ್ತೊಂದು ಪಟ್ಟಿ ಬಿಚ್ಚಿದೆವು. ಲೋಕಮ್ಮ ಮೊದಲು ನೋಡಿದ್ದು ಗೋಡೆಯ ಮೂಲೆಯ ಜೇಡರ ಬಲೆ. ಆಯಾಳನ್ನು ಕರೆದು ತೋರಿಸಿದರು. ಮಹೇಶ್ವರಪ್ಪ ಮೇಷ್ಟ್ರು ಡಿಸ್ಚಾರ್ಜ್ ಆಗಿ ಹೊರಟಿದ್ದವರು ನಿಂತು, ನಿನ್ನೆಯ ವರದಿಗೆ ಹತ್ತಕ್ಕೆ ಏಳು ಎಂದರು. ಹೆಬ್ಬೆರಳು ಎತ್ತಿ ತೋರಿಸಿದರು. ಉಗುರಿನ ತುದಿಯಲ್ಲಿ ಇನ್ನೂ ಒಂದು ಗೆರೆ ಇದೆ.

ಕೊನೆಗೆ ತಿಮ್ಮಮ್ಮ. ನಾನೇ ಪಟ್ಟಿ ಬಿಚ್ಚಿ, ಹತ್ತಿಯಿಂದ ಒರೆಸಿ, ಎಡಗಿವಿಯ ಹತ್ತಿರ ನಿಧಾನಕ್ಕೆ ಕಣ್ಣು ಬಿಡಿ ಎಂದೆ. ಬಿಟ್ಟರು. ಎರಡು ಸಲ ರೆಪ್ಪೆ ಬಡಿದರು. ನನ್ನನ್ನು ನೋಡಿದರು. ನನ್ನ ಹಿಂದೆ ಇನ್ಯಾರಾದರೂ ಇದ್ದಾರಾ ಎಂದು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ನೀನೇನವ್ವ ಅದು? ದನಿ ಕೇಳಿ ಯಾರೋ ದೊಡ್ಡಾಕಿ, ನಾಕು ಮಕ್ಕಳು ಹೆತ್ತಾಕಿ ಅನ್ಕಂಡಿದ್ನಲ್ಲ."

ಇಡೀ ವಾರ್ಡ್ ನಕ್ಕಿತು. ಶ್ರೀಲತಾ ಸಿಸ್ಟರ್ ಯಾಕೋ ನಗಲಿಲ್ಲ, ನನ್ನ ಭುಜ ಮುಟ್ಟಿ ಮುಂದಿನ ಮಂಚಕ್ಕೆ ಹೋದರು. ನನಗೆ ನಿಜವಾಗಿಯೂ ಬೇಸರವಾಗಿದೆ. ಇಪ್ಪತ್ಮೂರು ವರ್ಷ ನನಗೆ, ನಾಲ್ಕು ಮಕ್ಕಳಂತೆ! ಮನೆಗೆ ಬಂದು ತೀರ್ಥೇಶ್‌ಗೆ ಹೇಳಿದರೆ ಅವರೂ ನಕ್ಕರು, ಅತ್ತೆಗೆ ಹೇಳಿದರೆ ಅವರೂ ಶ್ರೀಲತಾ ಸಿಸ್ಟರ್ ಹಾಗೇ ಸುಮ್ಮನೆ ನನ್ನ ಭುಜ ಮುಟ್ಟಿದರು. ಯಾರಿಗೂ ಇದರ ಗಂಭೀರತೆ ಅರ್ಥವಾಗುತ್ತಿಲ್ಲ. ನಾಳೆಯಿಂದ ದನಿ ಸಣ್ಣ ಮಾಡಿ, ಮೊದಲಿನ ಹಾಗೆ ಮಾತಾಡಬೇಕು.

ಆದರೆ ಸಣ್ಣ ದನಿ ತಿಮ್ಮಮ್ಮನಿಗೆ ಕೇಳುವುದಿಲ್ಲ. ಇನ್ನೆರಡು ದಿನ ಆಸ್ಪತ್ರೆಯಲ್ಲೇ ಇರುತ್ತಾರೆ. ಅವರು ಊರಿಗೆ ಹೋಗಲಿ, ಆಮೇಲೆ ನೋಡೋಣ.